ಬಾಲವಿಲ್ಲದ ಗಂಟು

ಭಾನುವಾರ ಮಧ್ಯಾಹ್ನ ಉಂಡು ಒಂದರ್ಧ ಗಂಟೆ ಅಡ್ಡಾಗುವುದು ನಂಜುಂಡಯ್ಯನ ಪಾಲಿಗೆ ಉಳಿದಿದ್ದ ಒಂದೇ ಸುಖ. ಮೂವತ್ತೆರಡು ವರ್ಷ ಬಸ್ ಕಂಡಕ್ಟರಾಗಿ ನಿಂತೇ ಸವೆಸಿದ ಮಂಡಿಗಳು ಈಗ ಮೂರು ಮೆಟ್ಟಿಲು ಕಂಡರೂ ಮುನಿಸಿಕೊಳ್ಳುತ್ತಿದ್ದವು. ಇನ್ನೇನು ಕಣ್ಣು ಹತ್ತಬೇಕು, ಪಕ್ಕದ ಮನೆಯ ಜಗಲಿಯಿಂದ ಶಿವಲಿಂಗಮ್ಮನ ಕೂಗು ಬಂತು. ಆ ಕೂಗು ಬಂತೆಂದರೆ ಊರಿನಲ್ಲಿ ಯಾರದೋ ಏನೋ ಕಳೆದಿದೆ, ಜೊತೆಗೆ ತನ್ನ ನಿದ್ದೆಯೂ ಹೋಯಿತು ಎಂದೇ ಅರ್ಥ.

ಶಿವಲಿಂಗಮ್ಮ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದುಡಿದು ನಿವೃತ್ತಳಾದವಳು. ತಟ್ಟೆಯ ಮೇಲೆ ಹರಡಿದ ಚೆಂದದ ಗೂಡು ನೋಡಿ ಆಕೆ ಎಂದೂ ತಲೆಯಾಡಿಸಿದವಳಲ್ಲ. ತಳಕ್ಕೆ ಕೈಹಾಕಿ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಆಮೇಲೆ ಬಾಯಿ ಬಿಡುತ್ತಿದ್ದಳು. ಪೊಲೀಸರಿಗೆ ಹೇಳಲಾಗದ್ದನ್ನು ಜನ ಈಗ ಆಕೆಗೆ ಬಂದು ಹೇಳುತ್ತಿದ್ದರು. ಜೊತೆಗೆ ಹೋಗುವ ಕೆಲಸ ನಂಜುಂಡಯ್ಯನದು. ಯಾಕಾದರೂ ಹೋಗುತ್ತೇನೋ ಎಂದು ಪ್ರತಿಸಲ ಗೊಣಗುತ್ತಿದ್ದ, ಪ್ರತಿಸಲ ಹೋಗುತ್ತಿದ್ದ.

ಜಗಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬುರ್ಖಾದ ತೋಳಂಚಿಗೆ ಮರದ ಹೊಟ್ಟು, ಉಗುರ ಸಂದಿಯಲ್ಲಿ ಕೆಂಪು ಅರಗು. ಚನ್ನಪಟ್ಟಣದ ಆಟಿಕೆ ಕೆಲಸದವಳೆಂದು ಹೇಳಿಸಿಕೊಳ್ಳಬೇಕಾಗಿರಲಿಲ್ಲ.

"ನನ್ನೆಸ್ರು ಶಬ್ನಮ್ ಅಂತ, ಅಕ್ಕಾ. ನನ್ನ ಮಗಳನ್ನ ಕಳ್ಳಿ ಅಂತವ್ರೆ," ಎಂದಳು. "ಮೈಕಲ್ಲಿ ಹೇಳ್ಬುಟ್ರು. ಐದು ಗಂಟೆ ಒಳಗೆ ಕಾರ್ಡು ಸಿಗದಿದ್ರೆ ಎರಡು ವರ್ಷ ಆಟಕ್ಕೇ ಸೇರ್ಸಲ್ವಂತೆ. ಆಟ ಹೋದ್ರೆ ಹೋಗ್ಲಿ. ಆ ಹೆಸ್ರು ಹೊತ್ಕೊಂಡು ನನ್ನ ನಿಖಾತ್ ನಮ್ಮೂರ ಬೀದೀಲಿ ಹೆಂಗೆ ನಡೀತಾಳೆ?"

"ಇಸ್ಪೀಟಾ?" ಎಂದ ನಂಜುಂಡಯ್ಯ, ಆಕಳಿಕೆ ನುಂಗುತ್ತ.

"ಅಯ್ಯೋ, ಅಲ್ಲ ಅಣ್ಣಾ!"

ಆಟೋದಲ್ಲಿ ಆಕೆ ಬಿಡಿಸಿ ಹೇಳಿದಳು. ಆಟದ ಹೆಸರು ಪಂಚದುರ್ಗ. ಒಬ್ಬೊಬ್ಬರೂ ತಮಗೆ ಬೇಕಾದ ಅರವತ್ತು ಕಾರ್ಡು ಆಯ್ದು ತಂದು ಆಡುತ್ತಾರೆ. ಒಂದೊಂದು ಕಾರ್ಡಿಗೆ ಒಂದೊಂದು ಬಲ, ಕೆಲವು ಸಿಗುವುದೇ ಅಪರೂಪ. ಜಿಲ್ಲೆಯ ಪಂದ್ಯದ ಫೈನಲ್ಲಿಗೆ ಇಬ್ಬರು ಉಳಿದಿದ್ದರು: ಹತ್ತೊಂಬತ್ತು ವರ್ಷದ ನಿಖಾತ್, ಮತ್ತು ರಾಮನಗರದ ರೇಷ್ಮೆ ನೂಲು ತೆಗೆಯುವ ಮನೆತನದ ಹುಡುಗ ಓವೈಸ್. ಅವನ 'ಬೆಳ್ಳಿ ರಣಹದ್ದು' ಎಂಬ ಕಾರ್ಡು ಊಟದ ಹೊತ್ತಿನಲ್ಲಿ ಮಾಯವಾಗಿತ್ತು. ಕಾರ್ಡು ಇದ್ದ ಕೋಣೆಯಲ್ಲಿ ಕೂತು ಬುತ್ತಿ ಉಂಡವಳು ನಿಖಾತ್.

ಪಂದ್ಯ ನಡೆದಿದ್ದ ಹಾಲ್ ರಾಮನಗರದ ರೈಲ್ವೆ ಸ್ಟೇಷನ್ನಿನ ಹತ್ತಿರ, ಮಹಡಿಯ ಮೇಲೆ. ಹಿಂದುಗಡೆ ನೂಲಿನ ಶೆಡ್ಡುಗಳ ಸಾಲು, ಬೇಯುವ ಗೂಡಿನ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು. ನಂಜುಂಡಯ್ಯ ಮಂಡಿ ಹಿಡಿದುಕೊಂಡು ಹತ್ತುವಾಗ ಕನ್ನಡಕದ ದಾರ ಕಂಬಿಗೆ ಸಿಕ್ಕಿ ಪಟ್ಟೆಂದು ಹರಿಯಿತು. ಮೇಲಿಂದ ಇಳಿಯುತ್ತಿದ್ದ ನಲವತ್ತು ದಾಟಿದ ಗಂಡಸೊಬ್ಬ ಬಗ್ಗಿ ಕನ್ನಡಕ ಎತ್ತಿಕೊಟ್ಟ.

"ಇತ್ತ ತನ್ನಿ ಯಜಮಾನ್ರೇ," ಎಂದು ದಾರದ ಎರಡು ತುದಿ ಹಿಡಿದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಗಂಟು ಹಾಕಿದ. ಹೆಬ್ಬೆರಳಿನ ಉಗುರಿನಿಂದ ತುದಿಗಳನ್ನು ಚಿವುಟಿ ಹಾಕಿದ. ಅವನ ಬೆರಳ ತುದಿಗಳು ನೀರಲ್ಲಿ ನೆಂದು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ನಿನ್ನ ಹೆಸರೇನಪ್ಪ?"

"ಸಾಬೀರ್. ಓವೈಸ್‌ಗೆ ಚಾಚಾ ಆಗ್ಬೇಕು. ಇಲ್ಲಿ ಪಂದ್ಯ ಇಟ್ಟಿರೋನೂ ನಾನೇ," ಎಂದ ಅವನು, ಯಾಕಾದರೂ ಇಟ್ಟೆನೋ ಎಂಬ ದನಿಯಲ್ಲಿ. ಒಳ್ಳೆಯ ಮನುಷ್ಯ ಎಂದುಕೊಂಡ ನಂಜುಂಡಯ್ಯ.

ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರ್ತಿ ಮಾನ್ಯ ಇಪ್ಪತ್ತೈದರ ಹುಡುಗಿ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಒಡೆದಿತ್ತು.

"ಒಂದು ಗಂಟೆಗೆ ಇಬ್ಬರ ಕಾರ್ಡುಗಳನ್ನೂ ಅವರ ಮುಂದೆಯೇ ದೇವರಾಜ್ ಎಣಿಸಿದರು. ಈ ಹಾಲ್ ಅವರದೇ," ಎಂದಳು. "ತಲಾ ಅರವತ್ತಿತ್ತು. ದಾರ ಕಟ್ಟಿ ಈ ಕೋಣೆಯ ಮೇಜಿನ ಮೇಲೆ ಇಟ್ಟರು. ಎರಡು ಗಂಟೆಗೆ ನಾನು ಭೂತಗನ್ನಡಿ ಹಿಡಿದು ನಕಲಿ ಕಾರ್ಡು ಏನಾದರೂ ಇದೆಯಾ ಅಂತ ನೋಡಬೇಕಿತ್ತು. ಈ ವರ್ಷದ ಹೊಸ ನಿಯಮ ಅದು, ಬೆಳಿಗ್ಗೆಯಷ್ಟೇ ಹೇಳಿದ್ದೆ. ದಾರ ಕತ್ತರಿಸಿ ಎಣಿಸಿದರೆ ಓವೈಸ್ ಕಟ್ಟಿನಲ್ಲಿ ಐವತ್ತೊಂಬತ್ತೇ ಇತ್ತು."

"ದಾರ ಬಿಚ್ಚಿತ್ತಾ?"

"ಇಲ್ಲ ಅಮ್ಮ, ಕಟ್ಟಿದ ಹಾಗೇ ಇತ್ತು."

ನಿಖಾತ್ ಮೂಲೆಯಲ್ಲಿ ಕೈಕಟ್ಟಿ ಕೂತಿದ್ದಳು. ಅತ್ತಿರಲಿಲ್ಲ, ಅಳುವ ಶಕ್ತಿಯೂ ಇದ್ದಂತಿರಲಿಲ್ಲ. "ಕೈ ತೊಳ್ಯಕೆ ಹೋಗಿದ್ದೆ ಅಜ್ಜಿ. ನಲ್ಲಿ ಹತ್ರ ಕ್ಯೂ ಇತ್ತು, ಹತ್ತು ನಿಮಿಷ ಆಯ್ತು. ಕದ್ದಿಲ್ಲ," ಎಂದಳು. ಅದಕ್ಕಿಂತ ಹೆಚ್ಚು ಏನು ಕೇಳಿದರೂ ತುಟಿ ಬಿಗಿಹಿಡಿದಳು.

ಆ ಹತ್ತು ನಿಮಿಷದಲ್ಲಿ ತಾನು ನೀರಿನ ಕ್ಯಾನು ಇಡಲು ಬಂದಿದ್ದೆ ಎಂದು ದೇವರಾಜ್ ತಾನಾಗಿಯೇ ಹೇಳಿದ. ಮೈಕಿನ ವೈರು ತೆಗೆದುಕೊಳ್ಳಲು ಬಂದಿದ್ದೆ ಎಂದ ಸಾಬೀರ್. ಓವೈಸ್ ಒಂದರಿಂದ ಎರಡರವರೆಗೂ ಕೆಳಗೆ ಗೆಳೆಯರ ಜೊತೆ ಬಿರಿಯಾನಿ ತಿನ್ನುತ್ತಿದ್ದುದನ್ನು ಇಪ್ಪತ್ತು ಜನ ನೋಡಿದ್ದರು.

"ನಿಖಾತ್ ಕದ್ದಿಲ್ಲ ಅಂತ ನಾನೂ ಹೇಳ್ದೆ," ಎಂದ ಓವೈಸ್. "ಯಾರೂ ಕೇಳ್ಲಿಲ್ಲ."

"ಹೆಂಗೆ ಗೊತ್ತು ನಿಂಗೆ?" ಎಂದಳು ಶಿವಲಿಂಗಮ್ಮ.

ಹುಡುಗ ಚಿಕ್ಕಪ್ಪನ ಮುಖ ನೋಡಿದ. ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡು ನೆಲ ನೋಡಿದ.

ದೇವರಾಜ್ ಚನ್ನಪಟ್ಟಣದ ಆಟಿಕೆ ಮಾರುವವನು, ಮಾತಿನ ಮಲ್ಲ. "ಆ ಕಾರ್ಡು ನಂಗೆ ಕೊಡು ಅಂತ ಹೋದ್ ತಿಂಗ್ಳೇ ಓವೈಸ್‌ನ ಕೇಳಿದ್ದೆ, ಸುಳ್ಯಾಕೆ ಹೇಳ್ಲಿ? ಕೊಡಲ್ಲ ಅಂದ, ಬುಟ್ಟೆ. ಎಣ್ಸೋವಾಗ ನೋಡ್ದೆ, ಅದರ ಕವರಿನ ಮೂಲೇಲಿ ಕೆಂಪ್ ಅರಗು ಒಂದ್ ಚುಕ್ಕೆ ಅಂಟಿತ್ತು. ನಮ್ ಬೊಂಬೆಗೆ ಹಚ್ಚೋ ಅರಗೇಯ."

"ಅದಕ್ಕೇ ನಿಖಾತ್ ಮೇಲೆ ಅನುಮಾನ ಬಂದಿದ್ದು," ಎಂದಳು ಮಾನ್ಯ. "ಅರಗಿನ ಕೆಲಸದವರ ಮನೆಯ ಹುಡುಗಿ ಇವಳೊಬ್ಬಳೇ."

"ದೇವ್ರಾಜು, ನೀನು ಕಟ್ಟು ಕಟ್ಟಿದ್ದು ಹೆಂಗಪ್ಪ?"

"ಅಂಗ್ಡೀಲಿ ಕಟ್ಟಂಗೇ ಅಕ್ಕ. ಉದ್ದಕ್ಕೆ ಎರಡು ಬಾಲ ಬುಟ್ಟು. ಮಕ್ಳು ಎಳುದ್ರೆ ಬಿಚ್ಕೋಬೇಕಲ್ಲ!"

ಶಿವಲಿಂಗಮ್ಮ ಕಸದ ಬುಟ್ಟಿಯ ತಳಕ್ಕೆ ಕೈಹಾಕಿದಳು. ಮಾನ್ಯ ಕತ್ತರಿಸಿ ಎಸೆದಿದ್ದ ಎರಡು ಕೆಂಪು ದಾರ ಹೊರಬಂದವು. ನಂಜುಂಡಯ್ಯನೂ ಬಗ್ಗಿ ನೋಡಿದ. ಒಂದರ ಗಂಟಿಗೆ ಬೆರಳುದ್ದದ ಎರಡು ಬಾಲಗಳಿದ್ದವು. ಇನ್ನೊಂದರಲ್ಲಿ ರಾಗಿಕಾಳಿನಷ್ಟು ಗಂಟು ಬಿಟ್ಟರೆ ಏನೂ ಇರಲಿಲ್ಲ. ಆಕೆ ಎರಡನ್ನೂ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ನಂಜುಂಡಯ್ಯನಿಗೆ ಆಕೆಯ ಆ ಮುಖ ಗೊತ್ತು. ಉತ್ತರ ಸಿಕ್ಕಿದೆ, ಸಿಗಬಾರದಾಗಿತ್ತು ಎನ್ನುವ ಮುಖ.

"ಹೇಳ್ಲೇಬೇಕಲ್ಲ ನಂಜುಂಡಯ್ಯ," ಎಂದಳು. "ಎಲ್ಲಾರ್ನೂ ಕರಿ."

ನಾಲ್ಕೂವರೆಗೆ ಆ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲರೂ ಕೂತರು. ಹೊರಗೆ ಆಟಗಾರ ಹುಡುಗರ ಗಲಾಟೆ ಕೇಳುತ್ತಿತ್ತು. ಶಿವಲಿಂಗಮ್ಮ ದಾರಗಳನ್ನು ಮೇಜಿನ ಮೇಲೆ ಇಟ್ಟಳು.

"ದೇವ್ರಾಜು ಎರಡು ಕಟ್ಟಿಗೂ ಬಾಲದ ಗಂಟೇ ಹಾಕ್ದ. ಒಂದರ ಬಾಲ ಎಲ್ಲೋಯ್ತು? ಯಾರೋ ಬಿಚ್ಚಿ, ಕಾರ್ಡು ತೆಗ್ದು, ತಿರುಗ ಕಟ್ಟವ್ರೆ. ಕಟ್ದೋರ ಕೈ ತನ್ನ ಅಭ್ಯಾಸ ಬುಡ್ಲಿಲ್ಲ. ನೂಲು ತೆಗೆಯೋರ ಕೈಲಿ ಎಳೆ ದಿನಕ್ಕೆ ನೂರು ಸಲ ಕಿತ್ತೋಯ್ತದೆ. ಗಂಟು ಹಾಕಿ ಬಾಲ ಬುಟ್ರೆ ನೂಲು ಹಾಯೋ ತೂತಿಗೆ ಸಿಕ್ಕಾಕ್ಕೊಂಡು ಮತ್ತೆ ಹರೀತದೆ. ಅದಕ್ಕೇ ಗಂಟು ಹಾಕಿದ್ ತಕ್ಷಣ ಉಗುರಲ್ಲಿ ಚಿವುಟ್ತಾರೆ, ಯೋಚ್ನೆನೂ ಮಾಡಲ್ಲ. ನಿಖಾತ್‌ಗೆ ಆ ಕೆಲಸ ಗೊತ್ತಿಲ್ಲ. ದೇವ್ರಾಜುಗೂ ಗೊತ್ತಿಲ್ಲ. ಓವೈಸ್ ಕೆಳಗಿದ್ದ." ಆಕೆ ನಿಟ್ಟುಸಿರು ಬಿಟ್ಟಳು. "ನಂಜುಂಡಯ್ಯ, ನಿನ್ನ ಕನ್ನಡಕ ಒಸಿ ಕೊಡು."

ನಂಜುಂಡಯ್ಯ ಕೊರಳಿನಿಂದ ದಾರ ತೆಗೆದು ಕೊಟ್ಟ. ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟಾಗ ಎರಡು ಗಂಟೂ ಒಂದೇ ತಾಯಿಯ ಮಕ್ಕಳಂತಿದ್ದವು.

"ಕೇಳ್ದೇ ಇದ್ರೂ ಉಪಕಾರ ಮಾಡ್ದೆ ಸಾಬೀರ್. ಅದೇ ನಿನ್ನ ಹಿಡಿದುಕೊಡ್ತು," ಎಂದಳು.

ಸಾಬೀರ್ ಕುರ್ಚಿಯಲ್ಲಿ ಇನ್ನಷ್ಟು ಕುಸಿದ. "ಹೂಂ ಅಮ್ಮ, ನಾನೇ," ಎಂದ. "ಸಾಕಾಗೋಗೈತೆ, ಹೇಳ್ಬುಡ್ತೀನಿ. ಆ ಕಾರ್ಡು ನಾನೇ ಓವೈಸ್‌ಗೆ ಕೊಟ್ಟಿದ್ದು. ಅವ್ನು ಚಿಕ್ಕೋನಿದ್ದಾಗ. ಆಮೇಲೆ ನನ್ನ ಹೆಂಡ್ತಿ ಆಸ್ಪತ್ರೆ ಸೇರಿದ್ಲು. ಅಸಲಿ ಮಾರ್ಬುಟ್ಟು, ಅದೇ ಥರ ಒಂದು ಪ್ರಿಂಟ್ ತೆಗ್ಸಿ ಕವರಿಗೆ ಹಾಕ್ದೆ. ಹುಡುಗನಿಗೆ ಹೇಳೋ ಧೈರ್ಯ ಬರ್ಲಿಲ್ಲ. ಇವತ್ತು ಬೆಳಿಗ್ಗೆ ಭೂತಗನ್ನಡಿ ಅಂದ್ರು. ನಕಲಿ ಸಿಕ್ರೆ ನನ್ನ ಹುಡುಗನ್ನ ಎರಡು ವರ್ಷ ಹೊರಗೆ ಹಾಕ್ತಾರೆ. ಕಳೆದೋಗೈತೆ ಅಂದ್ರೆ ಬದ್ಲಿ ಕಾರ್ಡು ಕೊಟ್ಟು ಆಡುಸ್ತಾರೆ. ಕಟ್ಟೋ ಮುಂಚೆ ಎಣ್ಸವ್ರೆ ಅಂತ ನಂಗೆ ಗೊತ್ತಿರ್ಲಿಲ್ಲ. ಈ ಮಗೀನ ಹೆಸ್ರು ಬಂದಾಗ ಹೇಳ್ಬೇಕಾಗಿತ್ತು. ಬಾಯೇ ಬರ್ಲಿಲ್ಲ."

"ಕಾರ್ಡು ಎಲ್ಲಿ?" ಮಾನ್ಯ ಕೇಳಿದಳು.

"ಹಿಂದಿನ ಶೆಡ್ಡಿನ ಒಲೆಗೆ ಹಾಕ್ದೆ."

ನಿಖಾತ್ ಕಣ್ಣುಮುಚ್ಚಿದಳು. ಇಡೀ ಮಧ್ಯಾಹ್ನ ಅಳದ ಹುಡುಗಿಯ ಕೆನ್ನೆಯ ಮೇಲೆ ಆಗ ನೀರು ಇಳಿಯಿತು.

"ನೋಡು ಸಾಬೀರ್," ಎಂದಳು ಶಿವಲಿಂಗಮ್ಮ. "ನೀನು ತೆಗೆಯೋಕೆ ಮುಂಚೇನೇ ಆ ಕಾರ್ಡಿನ ಮೇಲೆ ಅರಗಿನ ಚುಕ್ಕೆ ಇತ್ತು. ದೇವ್ರಾಜು ನೋಡಿದ್ದು ಎಣ್ಸೋವಾಗ. ಕದಿಯೋವಾಗ ಅಂಟಿದ್ದಲ್ಲ ಅದು. ನಿಮ್ಮ ಮನೇಲಿ ಅರಗೆಲ್ಲಿ ಬಂತು? ಬೊಂಬೆ ಮಾಡೋರ ಮನೇಲಿ ಇದ್ದು ಬಂದ ಕಾರ್ಡು ಅದು. ಈ ಹುಡುಗಿ ತನ್ನ ಕಾರ್ಡನ್ನ ತಾನೇ ಯಾಕೆ ಕದೀತಾಳೆ? ಆದ್ರೆ ಅದು ನಂದು ಅಂದ್ರೆ, ಹಂಗಾದ್ರೆ ಓವೈಸ್‌ದು ಏನಾಯ್ತು ಅಂತ ಕೇಳ್ತಾರೆ. ಅದಕ್ಕೇ ಬಾಯಿ ಮುಚ್ಕೊಂಡು ಕಳ್ಳಿ ಅನ್ನಿಸ್ಕೊಂಡ್ಲು. ಅಲ್ವೇನವ್ವ?"

"ಓವೈಸ್ ಕೇಳ್ಕೊಂಡಿದ್ದ," ಎಂದಳು ನಿಖಾತ್ ಮೆಲ್ಲಗೆ. "ಹೊಸ ನಿಯಮದ ವಿಷ್ಯ ಕೇಳಿ ಬೆಳಿಗ್ಗೆ ನನ್ನತ್ರ ಬಂದ. ಅವನತ್ರ ಆ ಕಾರ್ಡು ಇಲ್ದೆ ನಾನು ಗೆದ್ರೆ ಅದೇನು ಗೆಲುವು? ನಂದು ಚೀಲದಲ್ಲೇ ಇತ್ತು, ಕೊಟ್ಟೆ. ಚಾಚಾ ಮರ್ಯಾದೆ ಕಣೆ, ಯಾರ್ಗೂ ಹೇಳ್ಬೇಡ ಅಂದ. ಆಗ್ಲಿ ಅಂದಿದ್ದೆ."

ಸಾಬೀರ್ ಹುಡುಗನ ಕಡೆ ತಿರುಗಿದ. "ಓವೈಸ್, ನಿಂಗೆ ಗೊತ್ತಿತ್ತಾ?"

"ಮೂರು ವರ್ಷ ಆಯ್ತು ಚಾಚಾ," ಎಂದ ಹುಡುಗ. "ಬಿಸಿಲಿಗೆ ಹಿಡಿದ್ರೆ ಬೆಳ್ಳಿ ಹೊಳೀತಿರ್ಲಿಲ್ಲ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ." ಅವನು ನಿಖಾತ್ ಕಡೆ ತಿರುಗಿದ. "ಮೈಕಲ್ಲಿ ನಿನ್ನ ಹೆಸ್ರು ಹೇಳ್ದಾಗ್ಲೇ ನಾನು ಎದ್ದು ನಿಲ್ಬೇಕಾಗಿತ್ತು. ನಿಲ್ಲಲಿಲ್ಲ. ನಂದೂ ತಪ್ಪೇ."

"ಹೌದು, ತಪ್ಪೇ," ಎಂದಳು ಶಬ್ನಮ್, ಮಗಳ ಕಣ್ಣೊರೆಸುತ್ತ.

ಐದಕ್ಕೆ ಐದು ನಿಮಿಷವಿತ್ತು. ಮಾನ್ಯ ಮೈಕಿನ ಕಡೆ ಹೊರಟಳು. ಸಾಬೀರ್ ಎದ್ದು ಆಕೆಯ ಕೈಯಿಂದ ಮೈಕು ಈಸಿಕೊಂಡ. ಹಾಲ್‌ನಲ್ಲಿದ್ದ ನೂರು ಜನರ ಮುಂದೆ, "ನಿಖಾತ್ ಕದ್ದಿಲ್ಲ. ಕಾರ್ಡು ತೆಗೆದಿದ್ದು ನಾನು, ಸಾಬೀರ್. ಸುಟ್ಟಿದ್ದೂ ಆ ಹುಡುಗೀದೇ ಕಾರ್ಡು," ಎಂದ. ಎಲ್ಲೋ ಒಬ್ಬ ನಕ್ಕ. ಅವನು ಎರಡನೇ ಸಲವೂ ಅದನ್ನೇ ಹೇಳಿದ, ಹಿಂದೆ ಕೂತವರಿಗೂ ಕೇಳಲಿ ಎಂದು.

ಅವನು ಮೈಕು ಇಟ್ಟು ಬಂದಾಗ ಓವೈಸ್ ಜೇಬಿನಿಂದ ಒಂದು ಕಾರ್ಡು ತೆಗೆದ. ಅಂಚು ಸವೆದ, ಹೊಳಪಿಲ್ಲದ ರಣಹದ್ದು. "ಇದನ್ನ ಎಸೀಲಿಲ್ಲ ಚಾಚಾ. ಪಂದ್ಯ ಇದ್ದಾಗೆಲ್ಲ ಜೇಬಲ್ಲಿ ಇಟ್ಕೊಂಡೇ ಬತ್ತೀನಿ," ಎಂದು ಅವನ ಸುಕ್ಕುಗಟ್ಟಿದ ಬೆರಳುಗಳ ನಡುವೆ ಇಟ್ಟ. ಸಾಬೀರ್ ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ.

ಪರೀಕ್ಷೆಗಿಟ್ಟ ಕಟ್ಟಿನಲ್ಲಿ ನಕಲಿ ಇರಲಿಲ್ಲವೆಂದು ಮಾನ್ಯ ಕೊಟ್ಟ ಬದಲಿ ಕಾರ್ಡು ಹಾಕಿಕೊಂಡು ಓವೈಸ್ ಆಡಿದ. ನಿಖಾತ್ ಆರೂವರೆಗೆ ಗೆದ್ದಳು. ಯಾರೂ ಸಿಳ್ಳೆ ಹೊಡೆಯಲಿಲ್ಲ, ಆದರೆ ಹಾಲ್‌ನಲ್ಲಿದ್ದ ಹುಡುಗರೆಲ್ಲ ಸಾಲಾಗಿ ಬಂದು ಅವಳ ಕೈ ಕುಲುಕಿ ಹೋದರು. ಶಬ್ನಮ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ನೋಡಿದಳು.

ಮನೆಗೆ ಬರುವಾಗ ನಂಜುಂಡಯ್ಯನ ಮಂಡಿ ಹೇಳಿದ ಮಾತು ಕೇಳುತ್ತಿರಲಿಲ್ಲ. "ಅಕ್ಕಾ, ಇನ್ಮೇಲೆ ಭಾನುವಾರ ನನ್ನ ಕರೀಬೇಡ," ಎಂದ.

"ಆಗ್ಲಿ ಬುಡು," ಎಂದಳು ಶಿವಲಿಂಗಮ್ಮ. ಇಬ್ಬರಿಗೂ ಗೊತ್ತಿತ್ತು, ಅದು ಆಗುವ ಮಾತಲ್ಲ ಎಂದು. ಅಂಗಡಿಯ ಮುಂದೆ ಆಕೆ ನಿಂತು, "ಕನ್ನಡಕಕ್ಕೆ ಹೊಸ ದಾರ ತಗೊಳ್ಳಲ್ವಾ?" ಎಂದಳು.

ನಂಜುಂಡಯ್ಯ ಎದೆಯ ಮೇಲಿದ್ದ ಆ ಸಣ್ಣ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿಕೊಂಡ. "ಬೇಡ ಅಕ್ಕ, ಇದೇ ಗಟ್ಟಿಯಾಗೈತೆ," ಎಂದು ಮುಂದೆ ನಡೆದ.