ಬೂದಿಗಣ್ಣಿಯ ಬಟ್ಟಲು

ಬಹಳ ಬಹಳ ಹಿಂದೆ, ಮೂರು ದೊಡ್ಡ ನೆಲಗಳು ಸುತ್ತುವರಿದಿದ್ದ ನಡುಗಡಲಿನ ದಂಡೆಯಲ್ಲಿ ಶಂಖಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಣಿಗೆ ಯಾವ ಕೊರತೆಯೂ ಇರಲಿಲ್ಲ, ಹಿಮ್ಮಡಿ ಒಡೆದಿತ್ತು, ಅಷ್ಟೆ. ಬೆಣ್ಣೆ ಹಚ್ಚಿದರು, ಎಣ್ಣೆ ಹಚ್ಚಿದರು, ವಾಸಿಯಾಗಲಿಲ್ಲ. ಕಡೆಗೆ ಆಸ್ಥಾನದ ಯಾವನೋ ಬುದ್ಧಿವಂತ, "ಉರಿಗುಡ್ಡದ ದ್ವೀಪದಲ್ಲಿ ನೀರಿನ ಮೇಲೆ ತೇಲುವ ಕಲ್ಲು ಸಿಗುತ್ತದೆ ಪ್ರಭು, ಅದರಿಂದ ಉಜ್ಜಿದರೆ ಹಿಮ್ಮಡಿ ಹೂವಿನಂತಾಗುತ್ತದೆ" ಎಂದ. ಅರಸ ಹಿಂದೆಮುಂದೆ ನೋಡದೆ ಹನ್ನೆರಡು ಅಂಬಿಗರನ್ನು ಅಟ್ಟಿದ.

ಹೋದ ದೋಣಿ ಒಂಬತ್ತನೆಯ ದಿನ ತಾನೇ ತಾನಾಗಿ ದಡಕ್ಕೆ ಬಂತು. ಒಳಗೆ ಹನ್ನೆರಡು ಹುಟ್ಟುಗಳಿದ್ದವು, ಒಬ್ಬ ಮನುಷ್ಯನೂ ಇರಲಿಲ್ಲ. ಆ ದ್ವೀಪದ ಬೆಂಕಿಬಾಯಿಯ ಅಂಚಿನಲ್ಲಿ ಬೂದಿಗಣ್ಣಿ ಎಂಬ ಮಾಟಗಾತಿ ಕೂತಿರುತ್ತಾಳೆ, ತನ್ನ ಕಲ್ಲನ್ನು ಒಯ್ಯಲು ಬಂದವರನ್ನು ಕಲ್ಲು ಮಾಡುತ್ತಾಳೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅರಸನಿಗೂ ಗೊತ್ತಿತ್ತು. "ಹೋದವರು ಹೋದರು" ಎಂದು ಮಂತ್ರಿ ನಿಟ್ಟುಸಿರು ಬಿಟ್ಟು ಊಟಕ್ಕೆದ್ದ.

ಆ ಹನ್ನೆರಡು ಮಂದಿಯಲ್ಲಿ ಕೇತ ಒಬ್ಬ. ಅವನ ಅಕ್ಕ ಮಾಚಲೆ. ಅವ್ವ ಸತ್ತಾಗ ಮಾಚಲೆಗೆ ಹನ್ನೊಂದು ವರ್ಷ, ಕೇತ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅವಳು ಬಲೆ ಹೆಣೆದಳು, ಮೀನು ಮಾರಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬ ಕೈಗೆ ಬರಲಿ" ಎಂದು ಮುಂದಕ್ಕೆ ಹಾಕಿದಳು. ಈಗ ಅವನು ಕೈಗೆ ಬಂದಿದ್ದ, ಅವನಿಗೆ ಹೆಣ್ಣೂ ಗೊತ್ತಾಗಿತ್ತು. ಅವನಿಲ್ಲದ ಮನೆಯಲ್ಲಿ ಒಲೆ ಹಚ್ಚಲು ಅವಳ ಕೈ ಏಳಲಿಲ್ಲ. ಒಂದು ಬಿಂದಿಗೆ ನೀರು ತುಂಬಿಕೊಂಡಳು, ಕಾಲಿಗೆ ಚರ್ಮದ ಕೆರ ಮೆಟ್ಟಿದಳು, ಕೇತನಿಗೆ ಇಷ್ಟವೆಂದು ಒಂದು ಅಚ್ಚು ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಅದೇ ದೋಣಿ ಹತ್ತಿ ಒಬ್ಬಳೇ ಹೊರಟಳು.

ದ್ವೀಪ ಪುಟ್ಟದು, ಒಂದು ಹೊತ್ತಿನಲ್ಲಿ ಸುತ್ತಿ ಬರಬಹುದು. ಮರಳೆಲ್ಲ ಕಪ್ಪು. ನೆಲದ ಬಿರುಕುಗಳಿಂದ ಬಿಸಿ ಹಬೆ ಏಳುತ್ತಿತ್ತು, ಗಂಧಕದ ವಾಸನೆಗೆ ಕಣ್ಣು ಉರಿಯುತ್ತಿತ್ತು. ಒಂದು ಬಾವಿಯಿಲ್ಲ, ಒಂದು ಒರತೆಯಿಲ್ಲ. ದಡದಲ್ಲಿ ಎಮ್ಮೆಯಷ್ಟು ದೊಡ್ಡ ಕರಿಹಲ್ಲಿ ದಾರಿಗೆ ಅಡ್ಡವಾಗಿ ಮಲಗಿತ್ತು.

"ಕಲ್ಲು ಒಯ್ಯೋಕೆ ಬಂದೆಯಾ?" ಎಂದು ಹಲ್ಲಿ ಕೇಳಿತು.

"ಕಲ್ಲಾದವನನ್ನ ಒಯ್ಯೋಕೆ ಬಂದೆ" ಎಂದಳು ಮಾಚಲೆ.

"ನೂರು ವರ್ಷದಿಂದ ಸಿಹಿನೀರು ಕಂಡಿಲ್ಲ. ಕೊಟ್ಟರೆ ದಾರಿ, ಇಲ್ಲದಿದ್ದರೆ ಇಲ್ಲ."

ಮಾಚಲೆ ಬಿಂದಿಗೆಯನ್ನು ಪೂರ್ತಿ ಅದರ ಬಾಯಿಗೆ ಸುರಿದಳು. ಹಲ್ಲಿ ಪಕ್ಕಕ್ಕೆ ಸರಿಯಿತು.

ಬೂದಿಯ ಇಳಿಜಾರಿನಲ್ಲಿ ಕೆಂಡದ ಕಣ್ಣಿನ ಹೋತ ಕೊಂಬು ತಗ್ಗಿಸಿ ನಿಂತಿತ್ತು. "ಕಲ್ಲು ಒಯ್ಯೋಕೆ ಬಂದೆಯಾ?" ಎಂದು ಅದೂ ಕೇಳಿತು.

"ಕಲ್ಲಾದವನನ್ನ ಒಯ್ಯೋಕೆ ಬಂದೆ."

"ನನ್ನ ಗೊರಸು ಸುಡುತ್ತಿದೆ, ಮೆಟ್ಟೋಕೆ ಏನೂ ಇಲ್ಲ. ಕೊಟ್ಟರೆ ದಾರಿ, ಇಲ್ಲದಿದ್ದರೆ ಇಲ್ಲ."

ಮಾಚಲೆ ಕೆರ ಬಿಚ್ಚಿ ಅದರ ಮುಂಗಾಲುಗಳಿಗೆ ಕಟ್ಟಿದಳು. ಬರಿಗಾಲಿನಲ್ಲಿ ಬಿಸಿ ಬೂದಿ ತುಳಿಯುತ್ತ ಏರಿದಳು. ರಾಣಿಯ ಹಿಮ್ಮಡಿಯ ಕತೆ ಹಾಗಿರಲಿ, ಇವಳ ಹಿಮ್ಮಡಿಯಿಂದ ರಕ್ತ ಬರುತ್ತಿತ್ತು. ಅದನ್ನು ಕೇಳುವವರು ಯಾರಿದ್ದರು?

ಬೆಂಕಿಬಾಯಿಯ ಅಂಚಿನಲ್ಲಿ ಒಬ್ಬ ಮುದುಕಿ ಮೊಣಕಾಲು ಮಡಚಿ ಕೂತಿದ್ದಳು. ಅವಳ ಕಣ್ಣುಗಳಲ್ಲಿ ಗುಡ್ಡೆಯಿರಲಿಲ್ಲ, ಬೂದಿಯಿತ್ತು. ಪಕ್ಕದಲ್ಲಿ ಗಾಜಿನಂತೆ ಹೊಳೆಯುವ ಕರಿಕಲ್ಲಿನ ಬಟ್ಟಲು, ಬಟ್ಟಲ ತುಂಬ ನೀರು.

"ಎರಡು ಕಾವಲು ದಾಟಿ ಬಂದವರಿಗೆ ಇದನ್ನ ಕೊಡಬೇಕು ಅನ್ನೋದು ಕಟ್ಟಳೆ" ಎಂದಳು ಬೂದಿಗಣ್ಣಿ. "ಒಬ್ಬೊಬ್ಬನ ಮೇಲೂ ಒಂದೊಂದು ಬೊಗಸೆ ಹಾಕು, ಏಳ್ತಾರೆ. ಹೊತ್ತು ಮುಳುಗೋದರೊಳಗೆ ಬಟ್ಟಲು ನನ್ನ ಕೈಗೆ ಬರಬೇಕು. ಬಂದರೆ ನನ್ನ ಮಾಟ ಮುಗೀತು, ನಾನೂ ಮುಗಿದೆ. ಆದರೆ ಕೇಳಿಸ್ಕೋ ಮಗಳೇ. ಬಟ್ಟಲು ಬರಿದಾಗಿರಬೇಕು. ಒಳಗೆ ಏನಾದರೂ ಇದ್ದರೆ, ಅದು ಯಾರ ಪಾಲಿನದೋ ಅವನು ಮತ್ತೆ ಕಲ್ಲು. ಆಮೇಲೆ ಅವನನ್ನ ಎಬ್ಬಿಸೋಕೆ ನನ್ನ ಕೈಲೂ ಆಗಲ್ಲ."

"ಒಂದು ಹನಿ ಉಳಿಸಲ್ಲ ಅಜ್ಜಿ" ಎಂದು ಮಾಚಲೆ ಬಟ್ಟಲು ಎತ್ತಿಕೊಂಡು ಇಳಿದಳು.

ಆಚೆ ಬದಿಯ ದಡದಲ್ಲಿ, ಹರಡಿ ಬಿದ್ದ ಬಂಡೆಗಳ ನಡುವೆ, ಮನುಷ್ಯರೂಪದ ಹನ್ನೆರಡು ಕಲ್ಲುಗಳು. ಬಗ್ಗಿದವನೊಬ್ಬ, ಬುಟ್ಟಿ ಹಿಡಿದವನೊಬ್ಬ. ತಮ್ಮನನ್ನು ಅವಳು ಮೊದಲ ನೋಟಕ್ಕೇ ಗುರುತಿಸಿದಳು. ಆದರೂ ನೀರು ಸಾಲದೆ ಹೋದರೆ ಉಳಿದ ಮನೆಯವರಿಗೆ ಹೇಗೆ ಮುಖ ತೋರಿಸುವುದೆಂದು ಹನ್ನೊಂದು ಮಂದಿಗೆ ಮೊದಲು ಹಾಕಿದಳು. ಒಬ್ಬೊಬ್ಬರೇ ಮೈ ಮುರಿದು ಎದ್ದರು. ಬಟ್ಟಲಲ್ಲಿ ಸರಿಯಾಗಿ ಒಂದು ಬೊಗಸೆ ಉಳಿದಿತ್ತು.

ಕೇತ ಕಣ್ಣು ಬಿಟ್ಟವನೇ, "ಅಕ್ಕಾ, ಹಸಿವು" ಎಂದ.

ಮಾಚಲೆ ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಸೆರಗು ಬಿಚ್ಚಿ ಬೆಲ್ಲ ಕೊಟ್ಟಳು. ಅವನು ಅರ್ಧ ಕಚ್ಚಿ ತಿಂದು ಉಳಿದದ್ದನ್ನು ಅವಳ ಬಾಯಿಗೆ ಹಿಡಿದ.

"ನಂಗೆ ಬೇಡ ಕಣೋ. ಪೂರ್ತಿ ನಿನ್ನದೇ. ದೋಣಿಯಲ್ಲಿ ತಿನ್ನುವಿಯಂತೆ" ಎಂದು ಅದನ್ನು ಮತ್ತೆ ಸೆರಗಿಗೆ ಕಟ್ಟಿದಳು. ಬಟ್ಟಲನ್ನು ಮೂರು ಸಲ ಒರೆಸಿದಳು, ಬಿಸಿಲಿಗೆ ಹಿಡಿದು ನೋಡಿದಳು. ಒಂದು ಹನಿಯೂ ಇರಲಿಲ್ಲ.

"ನಾನೂ ಬರ್ತೀನಿ ಅಕ್ಕ."

"ಬೇಡ, ನೀನು ದೋಣಿ ನೋಡು. ಈಗ ಬಂದೆ."

ಅವಳು ಮೇಲೆ ಹತ್ತುವಾಗ ಸೂರ್ಯ ಕಡಲಿನಿಂದ ಒಂದು ಗೇಣು ಮೇಲಿದ್ದ. ಸುಟ್ಟ ಕಾಲು ನೋಯುತ್ತಿರಲಿಲ್ಲ. ಯಾವ ಸೀರೆಯುಟ್ಟು ಮದುವೆಗೆ ನಿಲ್ಲುವುದು, ಎಷ್ಟು ಮಂದಿಗೆ ಎಲೆ ಹಾಕುವುದು ಎಂದೆಲ್ಲ ಮನಸ್ಸು ಓಡುತ್ತಿತ್ತು. ಶಂಖಾವತಿಯಲ್ಲಿ ಒಂದು ಪದ್ಧತಿ. ಬೇರೆ ಮನೆಯಿಂದ ಬಂದ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ನಾಲ್ಕು ಕಾಳು ಅಕ್ಕಿಯೋ, ಒಂದು ಚಿಟಿಕೆ ಉಪ್ಪೋ, ಏನಾದರೂ ಹಾಕಿಯೇ ಕೊಡುತ್ತಾರೆ. ಬಡವರಂತೂ ತಪ್ಪಿಸುವುದೇ ಇಲ್ಲ. ಮಾಚಲೆ ಇಪ್ಪತ್ತು ವರ್ಷ ಹಾಗೇ ಕೊಟ್ಟವಳು. ಬೂದಿಗಣ್ಣಿಯ ಮುಂದೆ ನಿಂತು ಬಟ್ಟಲು ನೀಡುವಾಗ ಅವಳ ಎಡಗೈ ತಾನಾಗಿಯೇ ಸೆರಗಿನ ಗಂಟು ಬಿಚ್ಚಿತು. ಬೆಲ್ಲದ ಚೂರನ್ನು ಬಟ್ಟಲಲ್ಲಿಟ್ಟು ಎರಡೂ ಕೈಯಲ್ಲಿ ಕೊಟ್ಟಳು.

ಮುದುಕಿ ಬಟ್ಟಲನ್ನು ಬೆರಳಿನಿಂದ ತಡವಿದಳು. "ಇದೇನು ಮಗಳೇ?"

"ಬೆಲ್ಲ ಅಜ್ಜಿ. ಬರೀ ಬಟ್ಟಲು ಹೇಗೆ ಕೊಡೋದು ಅಂತ..."

ಮಾಚಲೆ ಕೈ ಚಾಚಿ ಬಟ್ಟಲು ಕಿತ್ತುಕೊಳ್ಳಲು ಹೋದಳು. ಬಟ್ಟಲು ಮುದುಕಿಯ ಕೈಯಿಂದ ಅಲುಗಲಿಲ್ಲ.

"ಯಾರ ಪಾಲಿನದು?"

"ನಂದು! ನನ್ನ ಪಾಲು ಅಜ್ಜಿ, ನನ್ನನ್ನ ಕಲ್ಲು ಮಾಡು!"

"ಅವನ ಹಲ್ಲಿನ ಗುರುತಿದೆಯಲ್ಲೇ" ಎಂದಳು ಬೂದಿಗಣ್ಣಿ ಮೆಲ್ಲಗೆ. "ಸಾವಿರ ವರ್ಷದಲ್ಲಿ ಬಂದವರೆಲ್ಲ ನನ್ನ ಗುಡ್ಡದಿಂದ ಒಯ್ಯಲೆಂದೇ ಬಂದರು. ಕೈಗೆ ಒಂದು ಚೂರು ಇಟ್ಟವಳು ನೀನೊಬ್ಬಳೇ. ನಿನಗೇ ಹೀಗಾಗಬೇಕಿತ್ತೇ?"

ಬೂದಿಯ ಕಣ್ಣಿಂದ ಬೂದಿಯೇ ಉದುರಿತು. ಅವಳು ಬೆಲ್ಲವನ್ನು ಬಾಯಿಗಿಟ್ಟುಕೊಂಡಳು. ಹೊತ್ತು ಮುಳುಗಿತು. ಮಾಟಗಾತಿ ಇದ್ದ ಕಡೆ ಒಂದು ಹಿಡಿ ಬೂದಿಯಿತ್ತು, ಅದನ್ನೂ ಗಾಳಿ ಎತ್ತಿಕೊಂಡು ಹೋಯಿತು. ಗುಡ್ಡದ ಹೊಟ್ಟೆಯಲ್ಲಿ ಬೆಂಕಿ ಆರಿತು.

ಮಾಚಲೆ ಕೂಗುತ್ತ, ಬೀಳುತ್ತ ಇಳಿದಳು. ದಡದಲ್ಲಿ ಹನ್ನೊಂದು ಮಂದಿ ತಲೆ ತಗ್ಗಿಸಿ ನಿಂತಿದ್ದರು. ಅವರಲ್ಲಿ ಬಮ್ಮಯ್ಯ ಎಂಬವನು ಮುಂದೆ ಬಂದ.

"ಅಕ್ಕಾ, ಈಗ ತಾನೇ ನಗ್ತಾ ಇದ್ದ. 'ನಮ್ಮಕ್ಕ ಬರೋ ಹೊತ್ತಾಯ್ತು' ಅಂತ ಎದ್ದು ಗುಡ್ಡದ ಕಡೆ ತಿರುಗಿ ನಿಂತ. ಹಂಗೇ ನಿಂತುಬಿಟ್ಟ."

ಹನ್ನೊಂದು ಮಂದಿ ಊರಿಗೆ ಮರಳಿದರು. ಹನ್ನೊಂದು ಮನೆಗಳಲ್ಲಿ ಹಬ್ಬವಾಯಿತು. ಆ ದ್ವೀಪದಲ್ಲಿ ಆಮೇಲೆ ಯಾರೂ ಕಲ್ಲಾಗಲಿಲ್ಲ. ತೇಲುಗಲ್ಲು ಬುಟ್ಟಿಗಟ್ಟಲೆ ಬಂತು, ರಾಣಿಯ ಹಿಮ್ಮಡಿ ಹೂವಿನಂತಾಯಿತು, ಕೇತನಿಗೆ ಗೊತ್ತಾಗಿದ್ದ ಹುಡುಗಿಗೂ ಒಳ್ಳೆಯ ಗಂಡು ಸಿಕ್ಕಿದ. ರಾಜ್ಯದವರೆಲ್ಲ ಸುಖವಾಗಿದ್ದರು. ಇಂಥ ಕತೆಯ ಕೊನೆಗೆ ಹಾಗೆ ಹೇಳಬೇಕು, ಅದು ಸುಳ್ಳೂ ಅಲ್ಲ.

ವರ್ಷಕ್ಕೊಮ್ಮೆ ಆ ಹನ್ನೊಂದು ಮಂದಿ ಮಾಚಲೆಯನ್ನು ದ್ವೀಪಕ್ಕೆ ಕರೆದೊಯ್ಯುತ್ತಿದ್ದರು. ಬೆಂಕಿಗುಡ್ಡದ ಕಲ್ಲು ಮೆದು, ಉಪ್ಪುಗಾಳಿಗೆ ಬೇಗ ಸವೆಯುತ್ತದೆ. ಮೊದಲು ಮೂಗು ಹೋಯಿತು, ಆಮೇಲೆ ನಗುತ್ತಿದ್ದ ಬಾಯಿ, ಆಮೇಲೆ ಭುಜ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ದಡದ ತುಂಬ ಎಲ್ಲ ಕಲ್ಲೂ ಒಂದೇ ಥರ ಆದವು.

"ಯಾವುದು ಅಕ್ಕಾ?" ಎಂದು ಬಮ್ಮಯ್ಯ ಕೇಳಿದ.

"ಇದೇ ಕಣೋ. ನಂಗೆ ಗೊತ್ತಾಗಲ್ವಾ?" ಎಂದು ಮಾಚಲೆ ಒಂದು ಕಲ್ಲಿನ ಮೇಲೆ ಕೈಯಿಟ್ಟಳು.

ಮರುವರ್ಷ ಅವಳು ಹತ್ತು ಹೆಜ್ಜೆ ಆಚೆಗಿದ್ದ ಇನ್ನೊಂದು ಕಲ್ಲಿನ ಪಕ್ಕ ಕೂತು, ಊರಿನ ಸುದ್ದಿಯನ್ನೆಲ್ಲ ಅದಕ್ಕೆ ಹೇಳಿದಳು. ಅಂಬಿಗರು ದೋಣಿಯ ಹತ್ತಿರ ನಿಂತು ಕೇಳಿಸಿಕೊಂಡರು.