ಕೂದಲಲ್ಲಿ ತಂದ ಎಣ್ಣೆ

"ಎಣ್ಣೆ ತಗೊಂಡು ಬಾ ಅಂದ್ರೆ ತಲೆಗೆ ಸುರ್ಕೊಂಡು ಬಂದಿದೀಯಲ್ಲೇ!"

ಅಜ್ಜಿ ಬಾಗಿಲಲ್ಲೇ ದಂಗಾಗಿ ನಿಂತಳು. ಮೊಮ್ಮಗಳು ತುರ್ಫಾಳ ಜಡೆಯಿಂದ ಅಗಸೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕಿವಿ, ಕತ್ತು, ಹಬ್ಬದ ಅಂಗಿ, ಎಲ್ಲ ಎಣ್ಣೆಮಯ.

"ಇವತ್ತು ಸಬ್ಬತ್ ಅಲ್ವಾ ಅಜ್ಜಿ? ಬೀದೀಲಿ ಏನೂ ಹೊರಬಾರ್ದು. ಹೆರಿಗೆ ಮನೆಗೆ ಎಣ್ಣೆ ಬೇಕಾದ್ರೆ ಕೂದಲಲ್ಲಿ ತರಬಹುದು ಅಂತ ಅಕ್ಕೋರೇ ಪಾಠ ಮಾಡಿದ್ರು."

"ಸಾಲದಿದ್ರೆ ಕುಡಿಕೇಲೇ ತನ್ನಿ ಅಂತಾನೂ ಹೇಳಿರ್ತಾರೆ. ಅಷ್ಟೊತ್ತಿಗೆ ನೀನು ನಿದ್ದೆ ಹೊಡೀತಿದ್ದೆ ಅನ್ಸುತ್ತೆ!"

ಅಜ್ಜಿ ಜಡೆಯನ್ನು ಹಣತೆಯ ಮೇಲೆ ಹಿಂಡಿದಳು. ಬತ್ತಿಯ ತುದಿಯೂ ನೆನೆಯಲಿಲ್ಲ.

ಒಳಗೆ ಮುಬಾರಕಾ ಅಕ್ಕೋರು ನರಳುತ್ತಿದ್ದರು. ಫುಸ್ತಾತ್ ಪಟ್ಟಣದ ಆ ಯೆಹೂದಿ ಓಣಿಯ ಮಕ್ಕಳಿಗೆಲ್ಲ ಪಾಠ ಹೇಳುವವರು ಅವರೇ. ಹುಟ್ಟಿನಿಂದ ಅವರಿಗೆ ಕಣ್ಣು ಕಾಣದು, ಆದರೆ ಧರ್ಮಗ್ರಂಥ ಪೂರ್ತಿ ಬಾಯಿಪಾಠ. ಇಂದು ಅವರಿಗೆ ಚೊಚ್ಚಲ ಹೆರಿಗೆ. ಸೂಲಗಿತ್ತಿ ಅಜ್ಜಿ ಮಧ್ಯಾಹ್ನವೇ ಬಂದಿದ್ದಳು. ಹೊತ್ತು ಮುಳುಗಿ, ವಾರದ ಪವಿತ್ರ ವಿಶ್ರಾಂತಿ ದಿನವಾದ ಸಬ್ಬತ್ ಶುರುವಾದ ಮೇಲೆ, ನೋವಿನಲ್ಲಿ ಅಕ್ಕೋರ ಕಾಲು ತಗುಲಿ ದೀಪ ಮಗುಚಿ ಆರಿಹೋಗಿತ್ತು. ಮನೆಯಲ್ಲಿದ್ದ ಎಣ್ಣೆಯೂ ಚೆಲ್ಲಿತ್ತು.

"ಕಿಟಕೀಲಿ ಇನ್ನೂ ಮುಸ್ಸಂಜೆ ಬೆಳಕಿದೆಯಲ್ಲ ಅಜ್ಜಿ? ನಿಂಗೆ ಕಾಣಲ್ವಾ?"

"ನಂಗೆ ಕಾಣುತ್ತೆ. ದೀಪ ಬೇಕಾಗಿರೋದು ಅವಳಿಗೆ."

"ಅಕ್ಕೋರಿಗಾ! ಅವರಿಗೆ ಕಣ್ಣೇ ಇಲ್ಲ!"

ಸಬ್ಬತ್ ದಿನ ಬೆಂಕಿ ಹಚ್ಚುವುದೇ ದೊಡ್ಡ ತಪ್ಪು. ಅದೂ ಕಣ್ಣಿಲ್ಲದವರಿಗಾಗಿ! ಅಜ್ಜಿಗೇನಾದರೂ ಅರಳು ಮರಳೇ? ತುರ್ಫಾ ಒಳಗೆ ಓಡಿ, "ದೀಪ ಉರೀತಿದೆ ಅಕ್ಕೋರೇ," ಎಂದುಬಿಟ್ಟಳು.

ಬೆವರಿದ ಮುಖ ಇವಳತ್ತ ತಿರುಗಿತು.

"ಸುಳ್ಳು ಹೇಳ್ತಿದೀಯ ತುರ್ಫಾ. ಬತ್ತಿ ವಾಸನೆ ಇಲ್ಲ. ಕತ್ತಲೆ ಆಗಿದೆ. ನಂಗೇನಾದ್ರೂ ಆದ್ರೆ ಯಾರಿಗೂ ಕಾಣಲ್ಲ..." ಅಕ್ಕೋರು ಹಲ್ಲು ಕಚ್ಚಿ, ಹೆರಿಗೆ ಪೀಠವನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಜ್ಜಿ ತುರ್ಫಾಳ ಕಿವಿಯಲ್ಲಿ ಹೇಳಿದಳು. "ಹೆದರಿ ಮೈಯೆಲ್ಲ ಬಿಗಿ ಹಿಡಿದಿದಾಳೆ. ಹೀಗೇ ಆದ್ರೆ ತಾಯಿ ಮಗು ಇಬ್ರೂ ಉಳಿಯಲ್ಲ ಕಣೇ. ಓಡು!"

ಇಬ್ಬರೂ ಉಳಿಯುವುದಿಲ್ಲ! ತುರ್ಫಾ ಓಡಿದಳು. ತಮ್ಮ ಮನೆಯ ಎಣ್ಣೆ ಕುಡಿಕೆಯನ್ನು ಎರಡೂ ಕೈಯಲ್ಲಿ ಅವಚಿಕೊಂಡು ತಿರುಗಿ ಬರುವಾಗ, ಪ್ರಾರ್ಥನೆ ಮುಗಿಸಿದವರು ಓಣಿ ತುಂಬ ಬರುತ್ತಿದ್ದರು.

"ಏಯ್! ಸೂಲಗಿತ್ತಿ ಮೊಮ್ಮಗಳೇ!" ನಾರಿನ ವ್ಯಾಪಾರಿ ಖಲಫ್ ಮಾಮ ಕೂಗಿದ. "ಸಬ್ಬತ್ ದಿನ ಕುಡಿಕೆ ಹೊತ್ಕೊಂಡು ಎಲ್ಲಿಗೆ ಸವಾರಿ?"

"ಅಕ್ಕೋರಿಗೆ ಹೆರಿಗೆ ನೋವು ಮಾಮ!"

ಮಾಮ ಮರುಕ್ಷಣವೇ ಅಕ್ಕಪಕ್ಕದವರನ್ನು ಗೋಡೆಗೆ ಒತ್ತಿದ. "ಜರುಗ್ರಯ್ಯಾ! ಮಗೂಗೆ ದಾರಿ ಬಿಡಿ!"

ಹಣತೆ ತುಂಬಿತು. ಅಜ್ಜಿಯ ಎರಡೂ ಕೈ ಅಕ್ಕೋರ ಸೊಂಟದ ಮೇಲಿದ್ದವು.

"ಪಕ್ಕದ ಮನೆ ದೀಪದಿಂದ ನೀನೇ ಹಚ್ಕೊಂಡು ಬಾ."

"ನಾನಾ?"

ಹಚ್ಚುವಾಗ ಅವಳು ಕಣ್ಣು ಮುಚ್ಚಿಕೊಂಡಳು. ಆಕಾಶವೇ ಕಳಚಿ ಬೀಳುತ್ತದೆ ಎಂದುಕೊಂಡಿದ್ದಳು. ಏನೂ ಬೀಳಲಿಲ್ಲ. ಹಣತೆ ತಂದು ಪೀಠದ ಹತ್ತಿರ ಹಿಡಿದಳು.

ಅಕ್ಕೋರ ಮೂಗು ಅರಳಿತು. "ಯಾರು ಹಚ್ಚಿದ್ದು?"

"ನಾನೇ ಅಕ್ಕೋರೇ." ಅವಳಿಗೆ ಅಳು ಬಂತು.

"ನಾನು ಕಾಣ್ತಿದೀನಾ?"

"ಹೂಂ, ಚೆನ್ನಾಗಿ ಕಾಣ್ತಿದೀರ. ನಿಮ್ಮ ಹಣೆ ಮೇಲೆ ಒಂದು ಕೂದಲು ಅಂಟ್ಕೊಂಡಿದೆ."

ಅಕ್ಕೋರು ದೀರ್ಘವಾಗಿ ಉಸಿರು ಬಿಟ್ಟರು. ಪೀಠ ಹಿಡಿದಿದ್ದ ಬೆರಳುಗಳು ಸಡಿಲವಾದವು.

"ಹಾಂ, ಈಗ ತಿಣುಕು ತಾಯೀ!" ಎಂದಳು ಅಜ್ಜಿ.

ಸ್ವಲ್ಪ ಹೊತ್ತಿಗೆ ಓಣಿಯ ಕೊನೆಯವರೆಗೂ ಕೇಳುವಂತೆ ಮಗು ಅತ್ತಿತು. ಅಜ್ಜಿ ಅದನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ ತುರ್ಫಾಳ ಕೈಗಿಟ್ಟಳು.

ಅಕ್ಕೋರು ಮಲಗಿದಲ್ಲಿಂದಲೇ ಕರೆದರು. "ತುರ್ಫಾ, ನನ್ನ ಮಗಳು ಹೇಗಿದಾಳೆ? ಹೇಳು."

ತುರ್ಫಾ ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿದಳು.

"ಒಂದು ನಿಮಿಷ ಅಕ್ಕೋರೇ, ಬೆಳಕಲ್ಲಿ ಸರಿಯಾಗಿ ನೋಡಿ ಹೇಳ್ತೀನಿ," ಎಂದು ಮಗುವನ್ನು ದೀಪದ ಹತ್ತಿರಕ್ಕೆ ಒಯ್ದಳು.