ಏರಿನಲ್ಲಿ ಮಾತ್ರ ಬರುವ ಸದ್ದು

"ಈಗ ಸರಿಯಾಗಿ ಕೇಳು," ಎಂದು ಅಮ್ಮ ಮೂರನೇ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದಳು.

ರಿಪೇರಿಗೆ ಬಂದಿದ್ದ ಮರಿತ್‌ಳ ಕಾರು ಕರಡಿಗುಡ್ಡದ ಏರು ಹತ್ತತೊಡಗಿತು. ಮೊದಲು ಟರ್ಬೊ 'ಸುಂಯ್' ಎಂದಿತು. ಸಿಗ್ನೆಯ ಬೆನ್ನು ಸೀಟಿಗೆ ಒತ್ತಿಕೊಂಡಿತು. ಆಮೇಲೆ ಅದು ಬಂತು.

ಟಿಕಿಟಿಕಿಟಿಕಿಟಿಕಿ.

ಡಬ್ಬಿಯೊಳಗೆ ಸಣ್ಣ ಮೊಳೆಗಳನ್ನು ಹಾಕಿ ಯಾರೋ ಜೋರಾಗಿ ಅಲ್ಲಾಡಿಸಿದ ಹಾಗೆ. ಸಿಗ್ನೆ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಓರೆಗಣ್ಣಿನಲ್ಲಿ ಅಮ್ಮನ ಮುಖ ನೋಡಿದಳು.

ಅಮ್ಮನ ಮುಖದಲ್ಲಿ ಏನೂ ಬದಲಾಗಿರಲಿಲ್ಲ.

"ಏನೂ ಇಲ್ವಲ್ಲ," ಎಂದಳು ಅಮ್ಮ. "ಮರಿತ್‌ಗೆ ಸುಮ್ನೆ ಅನುಮಾನ. ಹಳೇ ಕಾರು, ಚೂರುಪಾರು ಸದ್ದು ಇದ್ದೇ ಇರುತ್ತೆ."

ಟಿಕಿಟಿಕಿಟಿಕಿ ಎಂದಿತು ಎಂಜಿನ್, ಅವರಿಬ್ಬರ ಕಾಲಿನ ಮುಂದೆಯೇ.

ಸಿಗ್ನೆ ಭಯಪಟ್ಟಿದ್ದೇ ನಿಜವಾಗಿತ್ತು. ಅಮ್ಮನಿಗೆ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ.

ಗ್ರಾನ್‌ಸೆಲೆ ಊರಿಗೆಲ್ಲ ಇದ್ದದ್ದು ಒಂದೇ ಗ್ಯಾರೇಜು, ಅಮ್ಮನದು. "ಉಲ್ರಿಕಾ ಸದ್ದು ಕೇಳಿದ್ರೆ ಸಾಕು, ಯಾವ ನಟ್ಟು ಸಡಿಲ ಅಂತ ಹೇಳ್ತಾಳೆ," ಎಂದು ಜನ ಅಮ್ಮನ ಬಗ್ಗೆ ಹೇಳುತ್ತಿದ್ದರು. ಸಿಗ್ನೆಗೂ ಆ ಮಾತು ಕೇಳಿದಾಗೆಲ್ಲ ಹೆಮ್ಮೆ. ಆದರೆ ಕಳೆದ ಈಸ್ಟರ್ ದಿನ ಅಡುಗೆಮನೆಯಲ್ಲಿ ಮೊಟ್ಟೆ ಬೇಯಲು ಇಟ್ಟಿದ್ದ ಟೈಮರ್ ಅಮ್ಮನ ಮೊಣಕೈ ಪಕ್ಕದಲ್ಲೇ ಕಿರುಚುತ್ತಿತ್ತು. ಅಮ್ಮ ಅದರ ಪಕ್ಕದಲ್ಲೇ ನಿಂತು ಆರಾಮಾಗಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ಅಮ್ಮಾ, ಟೈಮರ್ ಹೊಡ್ಕೋತಿದೆ, ಕೇಳ್ಸಲ್ವಾ?"

"ನಾನೇನು ಕಿವುಡೀನಾ?" ಎಂದು ಅಮ್ಮ ಗದರಿದ್ದಳು. ಆಮೇಲೆ ಬಚ್ಚಲಮನೆಗೆ ಹೋಗಿ ತುಂಬಾ ಹೊತ್ತು ಹೊರಗೆ ಬಂದಿರಲಿಲ್ಲ. ಬಂದಾಗ ಕಣ್ಣುಗಳು ಕೆಂಪಾಗಿದ್ದವು. ಅವತ್ತಿನಿಂದ ಸಿಗ್ನೆ ಆ ವಿಷಯ ಎತ್ತಿರಲೇ ಇಲ್ಲ.

ಗ್ಯಾರೇಜಿಗೆ ವಾಪಸು ಬಂದ ಮೇಲೆ ಅಮ್ಮ ಬಾನೆಟ್ ಎತ್ತಿದಳು. ಉದ್ದದ ಸ್ಕ್ರೂಡ್ರೈವರ್‌ನ ತುದಿಯನ್ನು ಓಡುತ್ತಿದ್ದ ಎಂಜಿನ್‌ಗೆ ಒತ್ತಿ, ಒಳಗಿನ ಸದ್ದು ಕೇಳಲು ಹಿಡಿಯನ್ನು ಕಿವಿಗೆ ಇಟ್ಟುಕೊಂಡಳು. ಒಂದು ಕಡೆ, ಇನ್ನೊಂದು ಕಡೆ, ಕೆಳಗೆ. ನಿಂತ ಕಾರಿನಲ್ಲಿ ಸದ್ದು ಬರುತ್ತಲೇ ಇರಲಿಲ್ಲ. ಸಿಗ್ನೆಗೂ ಕೇಳಿಸಲಿಲ್ಲ. ಅದು ಏರಿನಲ್ಲಿ ಮಾತ್ರ, ಟರ್ಬೊ ಎಂಜಿನ್‌ಗೆ ಗಾಳಿ ತುರುಕುವಾಗ ಮಾತ್ರ ಬರುವ ಸದ್ದು.

"ಹಾಂ! ಇದೇ ನೋಡು," ಎಂದು ಅಮ್ಮ ಸೈಲೆನ್ಸರ್ ಪೈಪಿನ ಮೇಲಿದ್ದ ತಗಡನ್ನು ಅಲ್ಲಾಡಿಸಿದಳು. ಅದು ಗಡಗಡ ಎಂದಿತು. "ತಗಡು ಸಡಿಲ ಆಗಿದೆ. ಅಷ್ಟೇ."

ಅವಳು ತಗಡನ್ನು ಬಿಗಿ ಮಾಡಿದಳು. ಮತ್ತೆ ಇಬ್ಬರೂ ಕರಡಿಗುಡ್ಡಕ್ಕೆ ಹೋದರು.

ಟಿಕಿಟಿಕಿಟಿಕಿಟಿಕಿ.

"ಹೋಯ್ತಲ್ವಾ?" ಎಂದು ಅಮ್ಮ ತಿರುಗಿ ನೋಡಿದಳು. ಆ ನೋಟ ಸಿಗ್ನೆಗೆ ಹೊಸದು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದೆ ಪಕ್ಕದವರ ಕಡೆ ನೋಡುವವರ ನೋಟ ಅದು.

ಸಿಗ್ನೆ ಕಿಟಕಿಯ ಕಡೆ ತಿರುಗಿದಳು. "ಹೂಂ," ಎಂದಳು. "ಹೋಯ್ತು."

ಅಮ್ಮ ದೊಡ್ಡದಾಗಿ ಉಸಿರು ಬಿಟ್ಟಳು.

ಮೂರು ಗಂಟೆಗೆ ಮರಿತ್ ಬಂದಳು. ಅವಳು ಊರಿನ ನರ್ಸ್, ಕಾಯಿಲೆಯವರ ಮನೆಗೇ ಹೋಗಿ ಔಷಧಿ ಕೊಡುವವಳು. ಕೈಯಲ್ಲಿ ದಾಲ್ಚಿನ್ನಿ ಬನ್ನಿನ ಪೊಟ್ಟಣ ಇತ್ತು.

"ಏನಂತೆ ನನ್ನ ಮುದುಕಿಗೆ?" ಎಂದು ಕಾರಿನ ತಲೆ ಸವರಿದಳು.

"ತಗಡು ಸಡಿಲ ಆಗಿತ್ತು. ಬಿಗಿ ಮಾಡಿದೀನಿ," ಎಂದಳು ಅಮ್ಮ.

"ಬದುಕ್ಕೊಂಡೆ! ಈಗ್ಲೇ ಸರೋವರದ ತುದಿಗೆ ಹೊರಟೆ. ರಾಗ್ನಾರ್ ಅಜ್ಜನಿಗೆ ಇಂಜೆಕ್ಷನ್ ಕೊಡ್ಬೇಕು."

ಸರೋವರದ ತುದಿ! ಎಪ್ಪತ್ತು ಕಿಲೋಮೀಟರ್, ಬರೀ ಕಾಡು, ಏರಿನ ಮೇಲೆ ಏರು. ಅರ್ಧ ದಾರಿಯಿಂದ ಫೋನಿಗೆ ಸಿಗ್ನಲ್ಲೂ ಇಲ್ಲ. ಸಿಗ್ನೆ ಗೋಡೆಯ ಶೆಲ್ಫಿನ ಕಡೆ ನೋಡಿದಳು. ಅಲ್ಲಿ ಎಂಜಿನ್ ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ ಒಂದಿತ್ತು, ನಡುವೆ ತೂತು ಬಿದ್ದದ್ದು. 'ಎಂಜಿನ್ ಒಳಗೆ ಟಿಕಿಟಿಕಿ ಅಂತ ಬಡ್ಕೋತಾನೇ ಇದ್ರೆ ಕೊನೆಗೆ ಇದೇ ಗತಿ' ಎಂದು ಅಮ್ಮನೇ ಒಮ್ಮೆ ತೋರಿಸಿದ್ದಳು. ಆ ಕಾರು ಹೆದ್ದಾರಿಯಲ್ಲಿ ಹೊಗೆ ಕಕ್ಕಿ ನಿಂತಿತ್ತಂತೆ.

ಮರಿತ್ ಕಾರು ಹತ್ತಿದಳು. ಬಾಗಿಲು ಹಾಕಿಕೊಂಡಳು. ಕಾರು ಹಿಂದಕ್ಕೆ ಸರಿಯಿತು.

ಹೇಳಿದರೆ ಅಮ್ಮನಿಗೆ ಅವಮಾನ. ಹೇಳದಿದ್ದರೆ... ಕಾರು ಗೇಟಿನ ಹತ್ತಿರ ತಿರುಗಿತು. ಸಿಗ್ನೆಯ ಕಾಲುಗಳು ತಾವಾಗಿಯೇ ಓಡಿದವು. ಎರಡೂ ಅಂಗೈಯಲ್ಲಿ ಬಾನೆಟ್ ಮೇಲೆ ದಬದಬ ಬಡಿದಳು.

"ಹೋಗ್ಬೇಡಿ! ಸದ್ದು ಹೋಗಿಲ್ಲ! ನಾನು ಸುಳ್ಳು ಹೇಳ್ದೆ!"

ಎಂಜಿನ್ ಆಫ್ ಆಯಿತು. ಮರಿತ್ ಕಿಟಕಿಯಿಂದ ತಲೆ ಹೊರಹಾಕಿ ಸಿಗ್ನೆಯನ್ನು ನೋಡಿದಳು, ಆಮೇಲೆ ಅವಳ ಅಮ್ಮನನ್ನು ನೋಡಿದಳು. ಅಮ್ಮನ ಮುಖ ಬಿಳಿಚಿಕೊಂಡಿತ್ತು.

"ಸಿಗ್ನೆ. ಒಳಗೆ ಬಾ," ಎಂದಳು ಅಮ್ಮ.

ಟೈರುಗಳ ರಾಶಿಯ ಹಿಂದೆ ಇಬ್ಬರೂ ನಿಂತರು. ಸಿಗ್ನೆ ತನ್ನ ಶೂಗಳನ್ನೇ ನೋಡುತ್ತಿದ್ದಳು. ಈಗ ಬೈಗುಳ ಬರುತ್ತದೆ ಎಂದುಕೊಂಡಳು. ಬರಲಿಲ್ಲ.

"ನಂಗೆ ಕೇಳ್ಸಲ್ಲ ಅಂತ ಯಾವಾಗಿಂದ ಗೊತ್ತು?" ಅಮ್ಮನ ದನಿ ತೀರ ಸಣ್ಣದಾಗಿತ್ತು.

"ಈಸ್ಟರ್‌ನಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಅಳ್ತೀಯಾ ಅಂತ. ಮತ್ತೆ... ಗ್ಯಾರೇಜ್ ಮುಚ್ಬೇಕಾಗುತ್ತೆ ಅಂತ."

ಅಮ್ಮ ಗ್ರೀಸ್ ಮೆತ್ತಿದ್ದ ಬಟ್ಟೆಯಲ್ಲಿ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು. ಆಮೇಲೆ ಬಟ್ಟೆಯನ್ನು ಎಸೆದು ಹೊರಗೆ ನಡೆದಳು.

"ಮರಿತ್," ಎಂದಳು. "ಆ ಸದ್ದು ನಂಗೆ ಕೇಳಿಸ್ತಿಲ್ಲ. ತೆಳು, ಕೀರಲು ಸದ್ದು ಯಾವ್ದೂ ಕೇಳ್ಸಲ್ಲ, ಒಂದು ವರ್ಷ ಆಯ್ತು. ಇವಳಿಗೆ ಕೇಳ್ಸುತ್ತೆ. ಒಂದು ಅರ್ಧ ಗಂಟೆ ಕೊಡ್ತೀಯಾ?"

"ಎರಡು ಗಂಟೆ ಬೇಕಾದ್ರೂ ತಗೋ," ಎಂದಳು ಮರಿತ್. "ಅಜ್ಜನಿಗೆ ಸಂಜೆ ಏಳರೊಳಗೆ ಕೊಟ್ರಾಯ್ತು. ನಾನೇನು ಮಾಡ್ಲಿ ಹೇಳು."

ಅಮ್ಮ ಲ್ಯಾಪ್‌ಟಾಪ್ ತಂದು ಅದರ ವೈರನ್ನು ಸ್ಟೇರಿಂಗ್ ಕೆಳಗೆ ಸಿಕ್ಕಿಸಿದಳು. ಲ್ಯಾಪ್‌ಟಾಪನ್ನು ಹಿಂದಿನ ಸೀಟಿನಲ್ಲಿ ಕೂತ ಮರಿತ್‌ಳ ತೊಡೆಯ ಮೇಲೆ ಇಟ್ಟಳು.

"ಎಂಜಿನ್‌ಗೆ ಒಂದು ಸೆನ್ಸರ್ ಇರುತ್ತೆ. ಒಳಗೆ ಬಡಿತ ಶುರುವಾದ ಕೂಡ್ಲೇ ಅದು ಕಾರಿನ ಕಂಪ್ಯೂಟರ್‌ಗೆ ತಿಳಿಸುತ್ತೆ. ಆಗ ಕಂಪ್ಯೂಟರ್ ಪೆಟ್ರೋಲಿಗೆ ಕಿಡಿ ಹೊತ್ತೋದನ್ನ ಚೂರು ತಡ ಮಾಡುತ್ತೆ, ಬಡಿತ ನಿಲ್ಲುತ್ತೆ. ಎಷ್ಟು ತಡ ಮಾಡ್ತು ಅನ್ನೋದು ಈ ನಂಬರ್. ಬದಲಾದ್ರೆ ಕೂಗು. ಸಿಗ್ನೆ, ಸದ್ದು ಬಂದ್ರೆ ನೀನು ಕೈ ಎತ್ತು."

ಮೂರನೇ ಸಲ ಕರಡಿಗುಡ್ಡ. ಮೂರನೇ ಗೇರ್. ಸುಂಯ್. ಈ ಸಲ ಸಿಗ್ನೆ ಕಣ್ಣು ಮುಚ್ಚಿಕೊಂಡಿದ್ದಳು. ಈಗೇನಾದರೂ ಪಿಸ್ಟನ್ ತೂತಾದರೆ? ಈಗೇನಾದರೂ...

ಟಿಕಿಟಿಕಿಟಿಕಿ.

ಅವಳ ಕೈ ಮೇಲೆ ಹೋಯಿತು.

"ಸೊನ್ನೆ!" ಎಂದು ಹಿಂದಿನಿಂದ ಮರಿತ್ ಕೂಗಿದಳು. "ಸೊನ್ನೆ! ಇನ್ನೂ ಸೊನ್ನೆ! ಅಯ್ಯೋ, ಈ ಲ್ಯಾಪ್‌ಟಾಪ್ ಬದ್ಕಿದೆಯಾ?"

ಅಮ್ಮ ತಕ್ಷಣ ಆಕ್ಸಿಲರೇಟರ್ ಬಿಟ್ಟಳು. ಅವಳ ಹುಬ್ಬುಗಳು ಮೇಲೇರಿದ್ದವು. ಕಷ್ಟದ ಕೆಲಸವೊಂದು ಕೈಗೆ ಸಿಕ್ಕಾಗ ಯಾವಾಗಲೂ ಹಾಗೆ ಆಗುತ್ತಿತ್ತು. "ಬಡಿತ ಇದೆ, ಆದ್ರೆ ಸೆನ್ಸರ್‌ಗೆ ಗೊತ್ತೇ ಆಗ್ತಿಲ್ಲ," ಎಂದಳು.

ಗ್ಯಾರೇಜಿನಲ್ಲಿ ಎಂಜಿನ್ ಸ್ವಲ್ಪ ಆರುವವರೆಗೆ ಕಾಯಬೇಕಾಯಿತು. ಯಾರೂ ಬನ್ನು ಮುಟ್ಟಲಿಲ್ಲ. ಆಮೇಲೆ ಅಮ್ಮ ಬಗ್ಗಿ, ಪೈಪುಗಳ ಸಂದಿಯಲ್ಲಿ ಭುಜದವರೆಗೆ ಕೈ ತೂರಿಸಿದಳು. ಬೆರಳುಗಳಲ್ಲೇ ಹುಡುಕಿದಳು. ಅಲ್ಲಿಗೆ ಕಣ್ಣೂ ಹೋಗುವಂತಿರಲಿಲ್ಲ, ಕಿವಿಯೂ ಬೇಕಿರಲಿಲ್ಲ.

"ಸಿಕ್ತು," ಎಂದಳು. "ಸೆನ್ಸರ್ ಬೋಲ್ಟು. ಬೆರಳಲ್ಲೇ ತಿರುಗ್ತಿದೆ! ಇಷ್ಟು ಸಡಿಲ ಇದ್ರೆ ಎಂಜಿನ್ ನಡುಗೋದು ಅದಕ್ಕೆ ಹೇಗೆ ಗೊತ್ತಾಗ್ಬೇಕು?"

ಸೆನ್ಸರ್ ಬಿಚ್ಚಿದಳು. ತಳದಲ್ಲಿದ್ದ ತುಕ್ಕನ್ನು ಉಜ್ಜಿ ತೆಗೆದಳು. ಮತ್ತೆ ಕೂರಿಸಿ, ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡುವ ಅಳತೆಯ ಸ್ಪ್ಯಾನರ್ ಹಿಡಿದು ಬೋಲ್ಟು ಬಿಗಿಯತೊಡಗಿದಳು. "ಸ್ಪ್ಯಾನರ್ 'ಟಕ್' ಅಂದಾಗ ಹೇಳು," ಎಂದಳು ಸಿಗ್ನೆಗೆ. ಹಾಗೆ ಕೇಳಿದ್ದು ಅದೇ ಮೊದಲು.

"ಅಂತು," ಎಂದಳು ಸಿಗ್ನೆ.

ನಾಲ್ಕನೇ ಸಲ ಏರು ಹತ್ತುವಾಗ ಮೂವರೂ ಉಸಿರು ಬಿಗಿಹಿಡಿದಿದ್ದರು. ಟಿಕಿ, ಎಂದಿತು ಎಂಜಿನ್. ಸಿಗ್ನೆಯ ಕೈ ಅರ್ಧ ಎದ್ದಿತು.

"ಮೂರು!" ಎಂದು ಮರಿತ್ ಕಿರುಚಿದಳು. "ನಾಲ್ಕು! ಬದಲಾಗ್ತಿದೆ!"

ಸಿಗ್ನೆ ಕಾದಳು. ಟರ್ಬೊ ಸುಂಯ್ ಎನ್ನುತ್ತಿತ್ತು. ಚಕ್ರದ ಕೆಳಗೆ ಜಲ್ಲಿ ಸಿಡಿಯುತ್ತಿತ್ತು. ಅಷ್ಟೇ. ಅವಳ ಕೈ ನಿಧಾನವಾಗಿ ಮಂಡಿಯ ಮೇಲೆ ಇಳಿಯಿತು.

"ನಿಜ ಹೇಳು," ಎಂದಳು ಅಮ್ಮ.

"ನಿಜ. ಸದ್ದಿಲ್ಲ."

ಹೊರಡುವ ಮುಂಚೆ ಮರಿತ್ ಎಂಜಿನ್ ಚಾಲೂ ಮಾಡಿ ಕಿಟಕಿ ಇಳಿಸಿದಳು. "ಉಲ್ರಿಕಾ, ಸೋಮವಾರ ಕಿವಿ ಡಾಕ್ಟರ್ ಬರ್ತಾರೆ. ನಿನ್ನ ಹೆಸ್ರು ಬರೆಸ್ಲಾ?"

ಅಮ್ಮ ನೆಲ ನೋಡಿದಳು. "ಬರೆಸು," ಎಂದಳು.

ಕಾರು ಕಾಡಿನ ದಾರಿಯಲ್ಲಿ ಮರೆಯಾಯಿತು. ಸಿಗ್ನೆಗೆ ಭಯ ಪೂರ್ತಿ ಹೋಗಿರಲಿಲ್ಲ. ಡಾಕ್ಟರು ಏನನ್ನುತ್ತಾರೋ? ಅವರಿಬ್ಬರೂ ಗ್ಯಾರೇಜಿನ ಬೆಂಚಿನ ಮೇಲೆ ಕೂತರು.

"ಸಿಗ್ನೆ," ಎಂದಳು ಅಮ್ಮ. "ಅದು ಹೇಗಿತ್ತು?"

"ಯಾವ್ದು?"

"ಆ ಸದ್ದು."

ರಿಪೇರಿ ಮುಗಿದಿತ್ತು. ಕಾರೂ ಹೋಗಿತ್ತು. ಆದರೂ ಅಮ್ಮ ಕೇಳುತ್ತಿದ್ದಳು. ಸಿಗ್ನೆ ಅಮ್ಮನನ್ನು ನೋಡಿದಳು. ಆ ಪ್ರಶ್ನೆ ಕಾರಿನದಲ್ಲ, ಅಮ್ಮ ಕಳೆದುಕೊಂಡ ಸದ್ದುಗಳದ್ದು ಎಂದು ಅವಳಿಗೆ ಅನಿಸಿತು.

ಅವಳು ಬೆಂಚಿನಿಂದ ಇಳಿದು, ಅಮ್ಮನಿಗೆ ತನ್ನ ಮುಖ ಚೆನ್ನಾಗಿ ಕಾಣುವ ಹಾಗೆ ಎದುರಿಗೆ ಹೋಗಿ ನಿಂತಳು. ಅವಸರ ಮಾಡದೆ, ಒಂದೊಂದೇ ಮಾತಾಗಿ ಹೇಳತೊಡಗಿದಳು.

"ಮೊದಲು ಟರ್ಬೊ ಸುಂಯ್ ಅನ್ನುತ್ತೆ. ಆಮೇಲೆ..."